ಪಂಚಮಿಗೆ ತವರಿಗೆ ಒಯ್ಯಲು ಕೈಯಾರೆ ಏನು ಮಾಡಬಹುದು?

ಬೀದರಿನಿಂದ ನಾಗರಪಂಚಮಿಗೆ ತವರಿಗೆ ಹೊರಟಿರುವ ನೀವು, ಅಣ್ಣನ ಐದು ತಿಂಗಳ ಕೂಸಿಗೆ, ಏಳು ಮತ್ತು ಹತ್ತು ವರ್ಷದ ಅದರ ಅಕ್ಕಂದಿರಿಗೆ, ಹಾಗೂ ಅವ್ವನಿಗೆ 500 ರೂಪಾಯಿಯೊಳಗೆ ಏನಾದರೂ ಮಾಡಿಕೊಂಡು ಹೋಗಬೇಕು, ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ ಎಂದು ಬರೆದಿದ್ದೀರಿ. ನಾನು ಕಲಬುರಗಿಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ, ಕೌದಿ ಹೊಲಿಯುವುದನ್ನು ನಮ್ಮ ಅಜ್ಜಿಯಿಂದ ಕಲಿತವಳು. ನಿಮ್ಮಲ್ಲಿರುವ ಹಣವನ್ನು ಒಳ್ಳೆಯ ದಾರಕ್ಕೂ ಸೂಜಿಗೂ ಖರ್ಚು ಮಾಡಿ. ಥರ್ಮಾಕೋಲ್, ಮಿಂಚುಪುಡಿ, ಅಂಟಿಸುವ ಮಣಿಗಳಿಗೆ ಬೇಡ. ಅಂಥವು ಶ್ರಾವಣದ ತೇವಕ್ಕೆ ಬಿಟ್ಟುಕೊಂಡು ಬೀಳುತ್ತವೆ. ದಿನವೂ ಕೈಗೆ ಬರುವ, ತೊಳೆದು ಮತ್ತೆ ಬಳಸಬಹುದಾದ ವಸ್ತುವನ್ನು ಕೊಟ್ಟರೆ ಅದರ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಕೂಸಿಗೆ ತೊಟ್ಟಿಲಿನ ಅಳತೆಯ ಕೌದಿ ಹೊಲಿಯಿರಿ. ಸೋದರತ್ತೆಯಾಗಿ ಕುಂಚಿಗೆ, ಕುಲಾವಿಗಳನ್ನು ಹೆಸರಿಡುವ ದಿನವೇ ಕೊಟ್ಟಿರುತ್ತೀರಿ. ಅವು ಈಗಾಗಲೇ ಬಿಗಿಯಾಗಿರಬಹುದು. ಕೌದಿಯಾದರೆ ಮಗು ಅಂಬೆಗಾಲಿಡುವಾಗ ನೆಲಕ್ಕೆ ಹಾಸಲು ಬರುತ್ತದೆ, ಮುಂದೆ ಮಡಚಿ ದಿಂಬಿನ ಮೇಲೆ ಹಾಕಲೂ ಬರುತ್ತದೆ. ಉದ್ದ 90 ಸೆಂಟಿಮೀಟರ್, ಅಗಲ 75 ಸೆಂಟಿಮೀಟರ್ ಇದ್ದರೆ ಸಾಕು. ಅವ್ವ ಉಟ್ಟು ಮೆತ್ತಗಾದ ನೂಲಿನ ಸೀರೆ ಒಂದು ನಿಮ್ಮ ಬಳಿ ಇದ್ದರೆ ಅದನ್ನೇ ಅಡಿಗೆ ಹಾಕಿ, ಏಕೆಂದರೆ ಎಷ್ಟೋ ಸಲ ಒಗೆದ ಹತ್ತಿಯ ಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದೂ ಕಡಿಮೆ, ಕೂಸಿನ ಚರ್ಮಕ್ಕೆ ಒರಟೂ ಅಲ್ಲ. ಇಳಕಲ್ ಸೀರೆಯಾದರೆ ಮೈಯನ್ನು ಮಾತ್ರ ಬಳಸಿ, ದಡಿಯನ್ನು ಬೇರೆ ಕತ್ತರಿಸಿ ಎತ್ತಿಡಿ. ಅದರ ಉಪಯೋಗವನ್ನು ಕೊನೆಗೆ ಹೇಳುತ್ತೇನೆ. ಪಾಲಿಯೆಸ್ಟರ್ ಸೀರೆಗಳನ್ನು ಸೇರಿಸಬೇಡಿ. ಅವು ನೀರು ಹೀರುವುದಿಲ್ಲ, ಪದರದೊಳಗೆ ಜಾರುತ್ತವೆ, ಸೆಕೆಯಲ್ಲಿ ಕೂಸಿಗೆ ಬೆವರು ಬರಿಸುತ್ತವೆ.

ಮೇಲಿನ ಪದರಕ್ಕೆ ಹಳೆಯ ಧೋತರ, ಅಂಗಿ, ಸಣ್ಣಗಾದ ಫ್ರಾಕುಗಳ ತುಣುಕುಗಳು ಬರುತ್ತವೆ. ಕೆಂಪು ಮತ್ತು ಕಡುನೀಲಿ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಆ ತುಣುಕನ್ನು ಬಿಟ್ಟುಬಿಡಿ. ಅಡಿಯ ಸೀರೆ, ನಡುವೆ ಒಂದು ಹಳೆಯ ಬಟ್ಟೆ, ಮೇಲೆ ತುಣುಕುಗಳು, ಹೀಗೆ ಮೂರು ಪದರ ಸಾಕು. ದೊಡ್ಡವರ ಕೌದಿಯಂತೆ ಹೆಚ್ಚು ಪದರ ಹಾಕಿದರೆ ಸೂಜಿ ಇಳಿಯುವುದೂ ಕಷ್ಟ, ಮಳೆಗಾಲದಲ್ಲಿ ಒಣಗುವುದೂ ಕಷ್ಟ. ಎಲ್ಲವನ್ನೂ ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ಮೊದಲು ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಅಂಚನ್ನು ಒಳಮಡಿಸಿ, ಹೊರಗಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬನ್ನಿ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಎರಡು ಬೆರಳಿನ ಅಂತರವಿರಲಿ, ಮೇಲೆ ಕಾಣುವ ಹೊಲಿಗೆ ಜೋಳದ ಕಾಳಿನಷ್ಟು ಇರಲಿ. ಎರಡು ಮೊಳಕ್ಕಿಂತ ಉದ್ದದ ದಾರ ತೆಗೆದುಕೊಂಡರೆ ಸಿಕ್ಕಾಗುತ್ತದೆ. ಗಂಟನ್ನು ಮೇಲೆ ಬಿಡದೆ, ದಾರವನ್ನು ಮೆಲ್ಲಗೆ ಎಳೆದು ಪದರಗಳ ನಡುವೆ ಅಡಗಿಸಿ, ಏಕೆಂದರೆ ಐದು ತಿಂಗಳ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ಇದೇ ಕಾರಣಕ್ಕೆ ಕನ್ನಡಿಬಿಲ್ಲೆ, ಗುಂಡಿ, ಗೆಜ್ಜೆ ಯಾವುದನ್ನೂ ಹೊಲಿಯಬೇಡಿ. ಮಲಗಿದಾಗ ಇದನ್ನು ಕೂಸಿನ ಕೆಳಗೆ ಬಿಗಿಯಾಗಿ ಹಾಸಬೇಕೇ ಹೊರತು ಮೇಲೆ ಹೊದಿಸಬಾರದು ಎಂದು ಬಾಣಂತಿಗೆ ಹೇಳಿ ಕೊಡಿ. ವರ್ಷ ತುಂಬದ ಮಕ್ಕಳ ಮುಖದ ಮೇಲೆ ಸಡಿಲವಾದ ಹೊದಿಕೆ ಬಿದ್ದರೆ ಉಸಿರಿಗೆ ಅಪಾಯ.

ಇಬ್ಬರು ಹುಡುಗಿಯರಿಗೆ ಬಟ್ಟೆಯ ಚೌಕಾಬಾರ ಹಾಸನ್ನು ಮಾಡಿಕೊಡಿ ಎಂಬುದು ನನ್ನ ಒತ್ತಾಯ. ಶ್ರಾವಣದಲ್ಲಿ ಮಳೆ ಹಿಡಿದಾಗ ಜೋಕಾಲಿ ನಿಲ್ಲುತ್ತದೆ, ಮಕ್ಕಳು ಒಳಗೆ ಕೂರಬೇಕಾಗುತ್ತದೆ, ಆಗ ಅಜ್ಜಿಯೂ ಸೇರಿ ಆಡಬಹುದಾದ ಆಟ ಇದು. ನಿಮ್ಮೂರಿನ ಬಿದರಿ ಸಾಮಾನು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿ ಮಾಡುವಂಥದ್ದು. ಆ ಶ್ರಮಕ್ಕೆ ತಕ್ಕ ಬೆಲೆ ನಿಮ್ಮ ಲೆಕ್ಕಕ್ಕೆ ಹೊಂದಲಾರದು, ಆದರೆ ಕಪ್ಪಿನ ಮೇಲೆ ಬಿಳಿ ಹೊಳೆಯುವ ಆ ಚೆಲುವನ್ನು ಕಪ್ಪು ಹತ್ತಿಬಟ್ಟೆ ಮತ್ತು ಬಿಳಿ ದಾರದಲ್ಲಿ ತರಲು ಸಾಧ್ಯವಿದೆ. 50 ಸೆಂಟಿಮೀಟರ್ ವ್ಯಾಸದ ಎರಡು ದುಂಡು ಬಟ್ಟೆ ಕತ್ತರಿಸಿ. ಒಂದರ ನಡುವೆ ಸೀಮೆಸುಣ್ಣದಿಂದ 30 ಸೆಂಟಿಮೀಟರಿನ ಚೌಕ ಬರೆದು, ಅದನ್ನು 6 ಸೆಂಟಿಮೀಟರಿನ 25 ಮನೆಗಳಾಗಿ ಭಾಗಿಸಿ, ಗೆರೆಗಳ ಮೇಲೆ ಬಿಳಿ ದಾರ ಹೊಲಿಯಿರಿ. ನಾಲ್ಕು ಬದಿಗಳ ನಡುಮನೆ ಮತ್ತು ಒಳಗಿನ ನಡುಮನೆ, ಈ ಐದು ಕಟ್ಟೆಗಳಲ್ಲಿ ಬಿದರಿ ಬಳ್ಳಿಯ ಒಂದೊಂದು ಹೂವು ಹೊಲಿಯಬಹುದು. ಎರಡು ಬಟ್ಟೆಗಳನ್ನು ಕೂಡಿಸಿ ಅಂಚಿನಲ್ಲಿ ದಾರ ಹೋಗುವಷ್ಟು ಜಾಗ ಬಿಟ್ಟರೆ, ಆಟ ಮುಗಿದ ಮೇಲೆ ದಾರ ಎಳೆದೊಡನೆ ಹಾಸೇ ಚೀಲವಾಗುತ್ತದೆ.

ಕವಡೆ ಸಿಗದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವವರೆಗೆ ತಿಕ್ಕಿ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಕಾಯಿಗಳಿಗೆ ನಾಲ್ಕು ಬಣ್ಣಗಳಲ್ಲಿ ನಾಲ್ಕು ನಾಲ್ಕು ಗುಂಡಿ ಸಾಕು. ಮನೆಯಲ್ಲಿ ಕೂಸು ಇರುವುದರಿಂದ ಬೀಜ, ಗುಂಡಿಗಳನ್ನು ಎಣಿಸಿ ಚೀಲದೊಳಗೆ ಕಟ್ಟಿ, ಮೇಲೆ ತೂಗುಹಾಕುವ ಹೊಣೆಯನ್ನು ಹಿರಿಯ ಹುಡುಗಿಗೆ ಒಪ್ಪಿಸಿ. ಹತ್ತು ವರ್ಷದ ಮಗು ಅಂಥ ಹೊಣೆಯನ್ನು ಹೆಮ್ಮೆಯಿಂದಲೇ ಹೊರುತ್ತದೆ.

ಅವ್ವನಿಗೆ ಚಂಚಿ, ಅಂದರೆ ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಸಣ್ಣ ಚೀಲ. ಎತ್ತಿಟ್ಟ ದಡಿ, ಕುಪ್ಪಸ ಹೊಲಿಯುವವರ ಬಳಿ ಉಳಿದಿರುವ ಖಣದ ತುಂಡು, ಒಳಗೆ ಮೆತ್ತನೆಯ ಹತ್ತಿಬಟ್ಟೆ, ಇಷ್ಟರಲ್ಲೇ ಆಗುತ್ತದೆ. ಎಲೆ ಅಡಿಕೆ ಹಾಕುವ ರೂಢಿ ಇಲ್ಲದಿದ್ದರೂ ಚಿಲ್ಲರೆ, ಮಾತ್ರೆ, ಕನ್ನಡಕ ಇಡಲು ಮೂರು ಪದರ ಮಾಡಿ. ಮಾತ್ರೆಯ ಪದರ ಮುಂದೆ ಇರಲಿ.

ಆಷಾಢದಲ್ಲಿ ದಿನಕ್ಕೆ ಒಂದು ಗಂಟೆ ಕುಳಿತರೂ ಬಹುಪಾಲು ಕೆಲಸ ಮುಗಿಯುತ್ತದೆ. ಸಮಯ ಸಾಲದು ಎನಿಸಿದರೆ ಮೊದಲು ಹಾಸು ಮತ್ತು ಚಂಚಿ ಮುಗಿಸಿ, ಏಕೆಂದರೆ ಕೂಸಿಗೆ ಮಾತ್ರ ತಂದು ಅಕ್ಕಂದಿರ ಕೈ ಖಾಲಿ ಬಿಟ್ಟರೆ ಅವರ ಮನಸ್ಸು ನೋಯುತ್ತದೆ. ಕೌದಿಯನ್ನು ಕಚ್ಚಾ ಹೊಲಿಗೆ ಹಾಕಿದಷ್ಟಕ್ಕೇ ಮಡಚಿ, ಸೂಜಿ ಮತ್ತು ದಾರದ ಉಂಡೆಯ ಸಮೇತ ಒಯ್ಯಿರಿ. ಒಂದು ಬದಿಗೆ ನೀವು, ಇನ್ನೊಂದು ಬದಿಗೆ ಅವ್ವ ಅಥವಾ ವೈನಿ ಕುಳಿತರೆ ಹಬ್ಬದ ರಜೆಯಲ್ಲೇ ಅದು ತೊಟ್ಟಿಲಿಗೆ ಬರುತ್ತದೆ.