ಬ್ರೌನಿಂಗ್ ಹೈ-ಪವರ್: ಹಳೆಯದನ್ನು ಕೊಳ್ಳುವುದೋ, ಹೊಸ ಅವತಾರವನ್ನೋ?

ಪ್ರಶ್ನೆ: ಮಾನ್ಯರೇ, ನಾನು ಮಡಿಕೇರಿ ಮೂಲದವನು. ಗ್ರೀನ್ ಕಾರ್ಡ್ ಪಡೆದು ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿದ್ದೇನೆ. ಸೇನೆಯಲ್ಲಿ ಅಧಿಕಾರಿಯಾಗಿದ್ದ ನಮ್ಮ ತಂದೆಯವರ ಸೊಂಟದಲ್ಲಿ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ 9 ಎಂಎಂ ಪಿಸ್ತೂಲು ಇರುತ್ತಿತ್ತು. ಅದೇ ಮಾದರಿಯ ಉಕ್ಕಿನ ಪಿಸ್ತೂಲೊಂದನ್ನು ಕೊಂಡು ರೇಂಜ್‌ನಲ್ಲಿ ಗುರಿಯ ಅಭ್ಯಾಸ ಮಾಡಬೇಕೆಂಬ ಆಸೆಯಿದೆ. ಇಲ್ಲಿಯ ಅಂಗಡಿಯಲ್ಲಿ ಬಳಸಿದ ಬ್ರೌನಿಂಗ್ ಹೈ-ಪವರ್ ಮಾರ್ಕ್ 3, ಹೊಸ ಸ್ಪ್ರಿಂಗ್‌ಫೀಲ್ಡ್ ಎಸ್‌ಎ-35 ಮತ್ತು ಟರ್ಕಿಯ ಗಿರ್ಸಾನ್ ಎಂಸಿಪಿ35 ಮೂರೂ ಇವೆ. ಗೆಳೆಯರು ಇವೆಲ್ಲವನ್ನೂ ಬಿಟ್ಟು ಅಮೆರಿಕದ ಸೇನೆಯ ಹಳೆಯ .45 ಪಿಸ್ತೂಲಾದ 1911 ಕೊಳ್ಳು ಎನ್ನುತ್ತಾರೆ. ಯಾವುದು ಸೂಕ್ತ? ಮುಂದೆ ಊರಿಗೆ ಮರಳುವಾಗ ಅದನ್ನು ತರಬಹುದೇ?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ನಿಮ್ಮ ತಂದೆಯವರ ಬಳಿಯಿದ್ದ ಪಿಸ್ತೂಲು ಹೈ-ಪವರ್ ವಂಶದ್ದೇ. ಅಮೆರಿಕದ ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಂಪನಿಗಾಗಿ ಆರಂಭಿಸಿದ ಈ ವಿನ್ಯಾಸವನ್ನು, ಅವರು 1926ರಲ್ಲಿ ತೀರಿಕೊಂಡ ಮೇಲೆ ದ್ಯೂದೊನೆ ಸೇವ್ ಮುಂದುವರಿಸಿ ಪೂರ್ಣಗೊಳಿಸಿದರು. 1935ರಲ್ಲಿ ಬೆಲ್ಜಿಯಂ ಸೇನೆ ಅದನ್ನು ಸ್ವೀಕರಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಇದನ್ನು ತಯಾರಿಸಿತು, ಮುಂದೆ ಅದೇ ಮಾದರಿ ಇಶಾಪುರಕ್ಕೂ ಬಂದಿತು. ಎಸ್‌ಎ-35 ಮತ್ತು ಗಿರ್ಸಾನ್ ಇದೇ ವಿನ್ಯಾಸದ ಹೊಸ ನಕಲುಗಳು. ಆದ್ದರಿಂದ ನೀವು ನೋಡಿರುವ ಮೂರೂ ಒಂದೇ ಮನೆತನದವು, ಒಳಗಿನ ಕೆಲಸವೂ ಬಹುಮಟ್ಟಿಗೆ ಒಂದೇ: ಪ್ರತಿ ಗುಂಡು ಹಾರಿದಾಗಲೂ ಸ್ಲೈಡ್ (ಮೇಲ್ಭಾಗದ ಜಾರುವ ಉಕ್ಕಿನ ಕವಚ) ಹಿಂದಕ್ಕೆ ಸರಿದು ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ಅನ್ನು ಎಳೆದು ನಿಲ್ಲಿಸುತ್ತದೆ, ಟ್ರಿಗರ್ ಅದನ್ನು ಬಿಡುಗಡೆ ಮಾಡುವುದಷ್ಟನ್ನೇ ಮಾಡುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರೇಂಜ್‌ನಲ್ಲಿ ವಾರವಾರವೂ ಗುಂಡು ಹಾರಿಸುವ ಉದ್ದೇಶವಿದ್ದರೆ ಎಸ್‌ಎ-35 ಕೊಳ್ಳಿ. ಹಳೆಯ ಬ್ರೌನಿಂಗ್ ಅನ್ನು ಅದರ ಮೇಲೆ ಪ್ರೀತಿಯಿದ್ದರೆ ಮಾತ್ರ, ಯಂತ್ರವಾಗಿ ಅದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಕೊಳ್ಳಿ. ಈ ಮಾತಿಗೆ ಮುಖ್ಯ ಕಾರಣ ಟ್ರಿಗರ್. ಈ ವಿನ್ಯಾಸಕ್ಕೆ ಕಾರಣವಾದ, ಬಹು ಗುಂಡುಗಳ ಪಿಸ್ತೂಲಿಗಾಗಿ ಫ್ರೆಂಚ್ ಸೇನೆ ಮುಂದಿಟ್ಟಿದ್ದ ಬೇಡಿಕೆಗಳ ಪೈಕಿ, ಗುಂಡು ತುಂಬಿಡುವ ಮ್ಯಾಗಜೀನ್ ಹೊರತೆಗೆದಾಗ ಪಿಸ್ತೂಲು ಸಿಡಿಯಬಾರದೆಂಬುದೂ ಒಂದು. ಅದಕ್ಕಾಗಿ ಟ್ರಿಗರ್‌ಗೆ ಜೋಡಿಸಿದ ಪುಟ್ಟ ಭಾಗವೊಂದು ಒಳಗಿರುವ ಮ್ಯಾಗಜೀನ್‌ನ ಮುಂಭಾಗಕ್ಕೆ ಒತ್ತಿಕೊಂಡಿರುತ್ತದೆ, ಮತ್ತು ನೀವು ಟ್ರಿಗರ್ ಎಳೆದಷ್ಟೂ ಅದು ಮ್ಯಾಗಜೀನ್‌ನ ತಗಡಿಗೆ ಉಜ್ಜುತ್ತಾ ಸಾಗುತ್ತದೆ. ಮೂಲ ಬ್ರೌನಿಂಗ್‌ನ ಟ್ರಿಗರ್ ಮರಳಿನ ಮೇಲೆ ಎಳೆದಂತೆ ಒರಟಾಗಿದೆ ಎಂಬ ದೂರಿಗೂ, ಗುಂಡಿ ಒತ್ತಿದರೂ ಖಾಲಿ ಮ್ಯಾಗಜೀನ್ ಸಲೀಸಾಗಿ ಕೆಳಗೆ ಬೀಳುವುದಿಲ್ಲವೆಂಬ ದೂರಿಗೂ ಮೂಲ ಇಲ್ಲಿಯೇ ಇದೆ. ಎಸ್‌ಎ-35ರಲ್ಲಿ ಈ ಭಾಗವೇ ಇಲ್ಲ. ಗಿರ್ಸಾನ್‌ನಲ್ಲಿ ಅದು ಇದೆಯೇ ಎಂದು ತಿಳಿಯಲು, ಪಿಸ್ತೂಲು ಖಾಲಿ ಇರುವುದನ್ನು ಕಣ್ಣಾರೆ ಖಚಿತಪಡಿಸಿಕೊಂಡು, ಅಂಗಡಿಯವರ ಅನುಮತಿಯಿಂದ ಮ್ಯಾಗಜೀನ್ ತೆಗೆದು ಟ್ರಿಗರ್ ಎಳೆದು ನೋಡಿ. ಹ್ಯಾಮರ್ ಬೀಳದಿದ್ದರೆ ಆ ಭಾಗ ಇದೆ ಎಂದರ್ಥ. ಹಾಗೆಂದು ಅದಿಲ್ಲದ ಪಿಸ್ತೂಲನ್ನು ಮ್ಯಾಗಜೀನ್ ತೆಗೆದ ಮಾತ್ರಕ್ಕೆ ನಿರಪಾಯವೆಂದು ಎಂದಿಗೂ ಭಾವಿಸಬೇಡಿ, ಏಕೆಂದರೆ ಚೇಂಬರ್‌ನಲ್ಲಿ (ಬ್ಯಾರೆಲ್‌ನ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ) ಉಳಿದ ಒಂದು ಗುಂಡು ಸಿಡಿದೇ ಸಿಡಿಯುತ್ತದೆ.

ಎರಡನೆಯ ಸಂಗತಿ ಕೈಹಿಡಿ. ಮೂಲ ಹೈ-ಪವರ್‌ನ ಹ್ಯಾಮರ್ ಹಿಂದಕ್ಕೆ ಬಂದಾಗ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಚರ್ಮವನ್ನು ಕಚ್ಚುತ್ತದೆ ಎಂಬುದು ಹಳೆಯ ದೂರು. ಸಣ್ಣ ಕೈಯವರಿಗೆ ಇದು ಅಷ್ಟಾಗಿ ತಾಗುವುದಿಲ್ಲ, ದಪ್ಪ ಅಂಗೈಯವರಿಗೆ ಗುಂಡುಗಳ ಒಂದೇ ಡಬ್ಬಿ ಖಾಲಿಯಾಗುವಷ್ಟರಲ್ಲಿ ಚರ್ಮ ಕೆಂಪಾಗುತ್ತದೆ. ಎಸ್‌ಎ-35ರಲ್ಲಿ ಹ್ಯಾಮರ್‌ನ ಆಕಾರವನ್ನು ಬದಲಿಸಿ ಇದನ್ನು ತಪ್ಪಿಸಲಾಗಿದೆ, ಹೆಬ್ಬೆರಳಿಗೆ ಸಿಗುವ ಸೇಫ್ಟಿಯನ್ನೂ (ಗುಂಡು ಸಿಡಿಯದಂತೆ ತಡೆಯುವ ಸನ್ನೆಯನ್ನೂ) ದೊಡ್ಡದು ಮಾಡಲಾಗಿದೆ. ಆದರೆ ನೀವು ಎಡಗೈಯವರಾಗಿದ್ದರೆ ನನ್ನ ಸಲಹೆ ಬದಲಾಗಬಹುದು: ಎಸ್‌ಎ-35ರ ಸೇಫ್ಟಿ ಎಡಬದಿಯಲ್ಲಿ ಮಾತ್ರ ಇದೆ, ಮಾರ್ಕ್ 3ರಲ್ಲಿ ಎರಡೂ ಬದಿಗೆ ಇದೆ. ತಂದೆಯವರ ಪಿಸ್ತೂಲಿನ ನೋಟಕ್ಕೆ ಹತ್ತಿರವಾಗಿರುವುದು ಎಸ್‌ಎ-35ರ ಸರಳ ನೋಟವೇ ಎಂಬುದು ನನ್ನ ಅನಿಸಿಕೆ. ಹಳೆಯ ಬ್ರೌನಿಂಗ್ ಮ್ಯಾಗಜೀನ್‌ಗಳು ಇದಕ್ಕೂ ಹೊಂದುತ್ತವೆ. ಮೂಲದ ಮ್ಯಾಗಜೀನ್ 13 ಗುಂಡು ಹಿಡಿದರೆ ಇದರೊಂದಿಗೆ ಬರುವುದು 15 ಹಿಡಿಯುತ್ತದೆ. ಟೆಕ್ಸಾಸ್‌ನಲ್ಲಿ ಇದಕ್ಕೆ ಅಡ್ಡಿಯಿಲ್ಲ, ಆದರೆ ಉದ್ಯೋಗದ ನಿಮಿತ್ತ ಕ್ಯಾಲಿಫೋರ್ನಿಯಾಕ್ಕೋ ನ್ಯೂಯಾರ್ಕಿಗೋ ಹೋಗುವ ಸಂಭವವಿದ್ದರೆ ಅಲ್ಲಿ 10 ಗುಂಡುಗಳ ಮಿತಿಯಿದೆ ಎಂಬುದು ನೆನಪಿರಲಿ.

ಎಸ್‌ಎ-35 2021ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 699 ಡಾಲರ್ ಇತ್ತು. ಗಿರ್ಸಾನ್ ಅದಕ್ಕಿಂತ ಅಗ್ಗ. ಉಳಿದ ಹಣವನ್ನು ಗುಂಡುಗಳಿಗೂ ಒಳ್ಳೆಯ ತರಬೇತುದಾರರ ಪಾಠಕ್ಕೂ ಖರ್ಚು ಮಾಡುವಿರಾದರೆ ಗಿರ್ಸಾನ್ ಕೂಡ ಸರಿಯಾದ ಆಯ್ಕೆಯೇ. ಹೊಸಬರ ಗುರಿ ಸುಧಾರಿಸುವುದು ಪಿಸ್ತೂಲಿನ ಹೆಸರಿಗಿಂತ ಹೆಚ್ಚಾಗಿ ಅಭ್ಯಾಸದಿಂದ. 2022ರಲ್ಲಿ ಎಫ್‌ಎನ್ ಕಂಪನಿಯೇ ಹೈ ಪವರ್ ಎಂಬ ಹೆಸರಿನಲ್ಲಿ ತಂದ ಪಿಸ್ತೂಲನ್ನು ಅಂಗಡಿಯವರು ತೋರಿಸಿದರೆ, ಅದು ಹಳೆಯ ಹೆಸರಿನ ಹೊಸ ಯಂತ್ರವೆಂದು ತಿಳಿಯಿರಿ: 17 ಗುಂಡುಗಳ ಅದರ ಮ್ಯಾಗಜೀನ್ ಹಳೆಯದಕ್ಕೆ ಹೊಂದುವುದಿಲ್ಲ, ಬೆಲೆಯೂ ಬಹಳ ಹೆಚ್ಚು.

ಬಳಸಿದ ಬ್ರೌನಿಂಗ್ ಕೊಳ್ಳಲೇಬೇಕೆಂದಿದ್ದರೆ ಮೇಲಿನ ಹೊಳಪಿಗೆ ಮರುಳಾಗದೆ ಸ್ಲೈಡ್ ಬಿಚ್ಚಿಸಿ ನೋಡಿ. ಬ್ಯಾರೆಲ್‌ನ ಮೇಲ್ಗಡೆ ಸ್ಲೈಡಿಗೆ ಕಚ್ಚಿಕೊಳ್ಳುವ ಲಗ್‌ಗಳ (ಉಬ್ಬುಗಳ) ಅಂಚು ಚೂಪಾಗಿಯೇ ಉಳಿದಿದೆಯೇ, ಬಡಿಸಿಕೊಂಡು ಮೊಂಡಾಗಿದೆಯೇ ಎಂಬುದನ್ನು ಬೆಳಕಿಗೆ ಹಿಡಿದು ಗಮನಿಸಿ. ಮೊಂಡಾಗಿದ್ದರೆ ಹೆಚ್ಚು ಒತ್ತಡದ ಗುಂಡುಗಳನ್ನು ಬಹುಕಾಲ ಹಾರಿಸಲಾಗಿದೆ ಎಂದು ಊಹಿಸಬಹುದು. ಬಳಿಕ ಖಾಲಿ ಪಿಸ್ತೂಲಿಗೆ ಖಾಲಿ ಮ್ಯಾಗಜೀನ್ ಹಾಕಿ, ಹ್ಯಾಮರ್ ಎಳೆದು, ಸೇಫ್ಟಿ ಏರಿಸಿ ಟ್ರಿಗರ್ ಅನ್ನು ಬಲವಾಗಿ ಒತ್ತಿ ಬಿಡಿ. ಆಮೇಲೆ ಟ್ರಿಗರ್ ಮುಟ್ಟದೆ ಸೇಫ್ಟಿ ಇಳಿಸಿದಾಗ ಹ್ಯಾಮರ್ ತಾನಾಗಿ ಬಿದ್ದರೆ, ಅಥವಾ ಸ್ವಲ್ಪವಾದರೂ ಜರುಗಿದರೆ, ಆ ಪಿಸ್ತೂಲನ್ನು ಅಲ್ಲಿಯೇ ಬಿಟ್ಟು ಬನ್ನಿ. ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಹಳತಾಗಿರುವುದು ದೊಡ್ಡ ದೋಷವಲ್ಲ, ಅಲ್ಪ ಖರ್ಚಿನಲ್ಲಿ ಬದಲಿಸಬಹುದು. ಎಫ್‌ಎನ್ ಈ ಮೂಲ ಮಾದರಿಯ ತಯಾರಿಕೆಯನ್ನು ನಿಲ್ಲಿಸಿರುವುದರಿಂದ ಸಂಗ್ರಾಹಕರ ಬೇಡಿಕೆ ಬೆಲೆಗೆ ಸೇರಿಕೊಳ್ಳುತ್ತದೆ, ಆ ಹೆಚ್ಚಿನ ಹಣಕ್ಕೆ ಗುರಿಯಲ್ಲಿ ಪ್ರತಿಫಲ ಸಿಗುವುದಿಲ್ಲ.

ಇನ್ನು ನಿಮ್ಮ ಗೆಳೆಯರು ಹೇಳುವ 1911. ಅದರ ಟ್ರಿಗರ್ ನೇರವಾಗಿ ಹಿಂದಕ್ಕೆ ಸರಿಯುವುದರಿಂದ ಗುರಿಯ ಸ್ಪರ್ಧೆಗೆ ಅದಕ್ಕಿಂತ ಹಿತವಾದುದು ಅಪರೂಪ, ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಮೂಲ ರೂಪದ .45 ಗುಂಡು 9 ಎಂಎಂಗಿಂತ ದುಬಾರಿ, ಒದೆತವೂ ಹೆಚ್ಚು. ಆರಂಭದ ಅಭ್ಯಾಸಕ್ಕೆ ಎರಡೂ ಅಡ್ಡಿಯೇ. ಅಲ್ಲದೆ ನಿಮ್ಮ ಆಸೆಯ ಬೇರು ಇರುವುದು ತಂದೆಯವರ ಪಿಸ್ತೂಲಿನಲ್ಲಿ, ಅದನ್ನು ಬಿಟ್ಟುಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಕೊಳ್ಳುವ ವಿಧಾನದ ಬಗ್ಗೆ ಒಂದು ಮಾತು. ಗ್ರೀನ್ ಕಾರ್ಡ್ ಇರುವವರು ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಅರ್ಜಿ ತುಂಬಿ, ಹಿನ್ನೆಲೆ ಪರಿಶೀಲನೆಯ ನಂತರ ಕೊಳ್ಳಬಹುದು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದವರಿಗೆ ಅಲ್ಲಿಯ ಕೇಂದ್ರ ಕಾನೂನು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳಲು ಅವಕಾಶ ಕೊಡುವುದಿಲ್ಲ. ಆದ್ದರಿಂದ ಅಂಥ ವೀಸಾದಲ್ಲಿರುವ ಬಂಧುಗಳ ವಶಕ್ಕೆ ನಿಮ್ಮ ಪಿಸ್ತೂಲನ್ನು ಬಿಟ್ಟು ಹೋಗಬೇಡಿ.

ಊರಿಗೆ ತರುವ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಅಳತೆ). ಸೇನೆ ಮತ್ತು ಪೊಲೀಸರ ಬಳಿ ಅದಿರುವುದು ಬೇರೆ ವಿಚಾರ, ಸಾಮಾನ್ಯ ನಾಗರಿಕರಿಗೆ ಅದರ ಪರವಾನಗಿ ದೊರೆಯುವುದಿಲ್ಲ. ಇಲ್ಲಿ ಪಿಸ್ತೂಲು ಬೇಕೆನಿಸಿದರೆ ಜಿಲ್ಲಾಡಳಿತಕ್ಕೆ ಅರ್ಜಿ ಸಲ್ಲಿಸಿ, ಪರವಾನಗಿ ಸಿಕ್ಕ ಮೇಲೆ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ .32 ಬೋರ್‌ನ ಪಿಸ್ತೂಲನ್ನು ಹೊಸದಾಗಿ ಕೊಳ್ಳಬಹುದು. ಡಲ್ಲಾಸ್‌ನದನ್ನು ಹೊರಡುವ ಮುನ್ನ ಅಲ್ಲಿಯ ಪರವಾನಗಿ ಪಡೆದ ವ್ಯಾಪಾರಿಗೇ ಮಾರಿ ರಸೀದಿ ಪಡೆದುಕೊಳ್ಳಿ.