ಬಾಗಿಲಾಚೆ ನಿಂತ ಪೊಲೀಸರು: ಯಾವಾಗ ನುಗ್ಗಬೇಕು, ಯಾವಾಗ ಕಾಯಬೇಕು?

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಚಾಕು ಹಿಡಿದು ಕೋಣೆಯೊಳಗೆ ಚಿಲಕ ಹಾಕಿಕೊಂಡ. ಒಳಗೆ ಅವನೊಬ್ಬನೇ ಇದ್ದ. ನಾಲ್ವರು ಪೊಲೀಸರು ಬಂದರು. ಮುಕ್ಕಾಲು ಗಂಟೆ ಬಾಗಿಲಾಚೆ ನಿಂತು ಮಾತಾಡಿದರೇ ಹೊರತು ಒಳಗೆ ಹೋಗಲಿಲ್ಲ. ಕೊನೆಗೆ ಅವನೇ ಚಾಕು ಬಿಸಾಕಿ ಹೊರಗೆ ಬಂದ. ಸುತ್ತಲಿದ್ದವರು ಪೊಲೀಸರಿಗೆ ಧೈರ್ಯವೇ ಇಲ್ಲ ಅಂದರು. ನನಗೂ ಹಾಗೇ ಅನ್ನಿಸಿತು. ಅಮೆರಿಕದ ಒಂದು ಶಾಲೆಯಲ್ಲಿ ಹೀಗೇ ಕಾಯುತ್ತಾ ನಿಂತಿದ್ದಕ್ಕೆ ಮಕ್ಕಳು ಸತ್ತರಲ್ವಾ?

ಉತ್ತರ: ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ಕೇಳಿದ್ದೀರಿ, ಒಳ್ಳೆಯದಾಯಿತು. ಎರಡು ಕಡೆಯೂ ಪೊಲೀಸರು ಬಾಗಿಲಾಚೆ ಕಾದರು. ನಿಮ್ಮ ಬೀದಿಯಲ್ಲಿ ಕಾದದ್ದು ಸರಿ. ಆ ಶಾಲೆಯಲ್ಲಿ ಕಾದದ್ದು ಘೋರ ತಪ್ಪು. ನಾನು ವರ್ಷಗಟ್ಟಲೆ ಹೊಸ ಪೊಲೀಸರಿಗೆ ತರಬೇತಿ ಕೊಟ್ಟವನು. ಮೊದಲ ದಿನ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯುತ್ತಿದ್ದೆ: ಈ ಕ್ಷಣ ಒಳಗೆ ಯಾರಿಗಾದರೂ ಏಟು ಬೀಳುತ್ತಿದೆಯಾ?

ಬೀಳುತ್ತಿದ್ದರೆ ತಡ ಮಾಡುವ ಹಾಗಿಲ್ಲ. ಬೀಳುತ್ತಿಲ್ಲ ಅಂದರೆ ಅವಸರ ಮಾಡುವ ಹಾಗಿಲ್ಲ. ಕೇಳಲು ಸುಲಭ. ಆದರೆ ಕಿರುಚಾಟ, ಸೈರನ್, ವೈರ್‌ಲೆಸ್ ಸದ್ದಿನ ನಡುವೆ ಇದನ್ನು ತಿಳಿದುಕೊಳ್ಳುವುದು ಬಹಳ ಕಷ್ಟ.

ನೀವು ಹೇಳಿದ ಶಾಲೆ ಟೆಕ್ಸಸ್‌ನ ಯುವಾಲ್ಡಿ ಊರಿನದು. 2022ರ ಮೇ 24ರಂದು ಅಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಂದೂಕುಧಾರಿ ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಮೊದಲ ಪೊಲೀಸರೂ ಒಳಗೆ ಬಂದಿದ್ದರು. ತರಗತಿಯ ಬಾಗಿಲ ತನಕ ಹೋದರು. ಒಳಗಿನಿಂದ ಗುಂಡು ಹಾರಿತು, ಹಿಂದೆ ಸರಿದರು. ಅಲ್ಲಿಂದ ಅವನನ್ನು ಹೊಡೆದುರುಳಿಸುವ ತನಕ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಬೇರೆ ಬೇರೆ ಇಲಾಖೆಗಳಿಂದ ಬಂದವರು ಒಟ್ಟು 376 ಮಂದಿ. ಅಷ್ಟರ ಮಧ್ಯೆ ತರಗತಿಯೊಳಗಿನ ಮಕ್ಕಳೇ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಅವನು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾನೆ, ನಿಧಾನಕ್ಕೆ ಮಾತಾಡಿ ಒಲಿಸಬಹುದು ಎಂದು ಹೊರಗಿದ್ದವರು ಅಂದುಕೊಂಡರು. ಒಳಗೆ ಗಾಯಗೊಂಡ ಮಕ್ಕಳಿದ್ದಾರೆ ಎಂಬ ಸುದ್ದಿ ಬಂದ ಮೇಲೂ ಆ ಲೆಕ್ಕ ಬದಲಾಗಲಿಲ್ಲ. 2024ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ವರದಿ ಇದನ್ನೇ ಅತಿ ದೊಡ್ಡ ತಪ್ಪು ಎಂದಿತು.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ ಎನ್ನುವುದೇ ನನಗೆ ಜಾಸ್ತಿ ನೋವು ಕೊಡುತ್ತದೆ. ಪಾಠ ಆಗಲೇ 23 ವರ್ಷ ಹಳೆಯದಾಗಿತ್ತು. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದರು. ಆಗಿನ ತರಬೇತಿಯಂತೆ ಪೊಲೀಸರು ಸುತ್ತುವರಿದು ವಿಶೇಷ ಪಡೆಗಾಗಿ ಕಾದರು. ಒಬ್ಬ ಶಿಕ್ಷಕರು ಗುಂಡೇಟು ತಿಂದು ಒಂದು ಕೋಣೆಯಲ್ಲಿ ಬಿದ್ದಿದ್ದರು. ಇಲ್ಲೊಬ್ಬರು ರಕ್ತ ಸೋರಿ ಸಾಯುತ್ತಿದ್ದಾರೆ ಎಂದು ಮಕ್ಕಳು ಬೋರ್ಡಿನ ಮೇಲೆ ಬರೆದು ಕಿಟಕಿಗೆ ಹಿಡಿದರು. ರಕ್ಷಣೆಯವರು ಅಲ್ಲಿಗೆ ಮುಟ್ಟುವಾಗ ಸುಮಾರು ಮೂರು ಗಂಟೆ ಕಳೆದಿತ್ತು. ಆ ಶಿಕ್ಷಕರು ಉಳಿಯಲಿಲ್ಲ. ಅದಾದ ಮೇಲೆ ಅಮೆರಿಕದ ತರಬೇತಿಯೇ ಬದಲಾಯಿತು. ಕೊಲೆ ನಡೆಯುತ್ತಿದೆ ಎಂದಾದರೆ, ಮೊದಲು ಬಂದ ಒಬ್ಬಿಬ್ಬರೇ ಆದರೂ ಒಳಗೆ ಹೋಗಬೇಕು.

ಈಗ ನಿಮ್ಮ ಬೀದಿಯ ಹುಡುಗನ ವಿಷಯಕ್ಕೆ ಬರೋಣ. ಒಳಗೆ ಅವನೊಬ್ಬನೇ. ಪೊಲೀಸರು ಬಾಗಿಲು ಒಡೆದು ನುಗ್ಗಿದ್ದರೆ ಏನಾಗುತ್ತಿತ್ತು? ಸಣ್ಣ ಕೋಣೆ, ಹೆದರಿದ ಹುಡುಗ, ಕೈಯಲ್ಲಿ ಚಾಕು, ಎರಡು ಹೆಜ್ಜೆ ದೂರದಲ್ಲಿ ಪೊಲೀಸ್. ಅಲ್ಲಿ ಯೋಚನೆ ಮಾಡಲು ಪುರುಸೊತ್ತು ಎಲ್ಲಿದೆ? ಅವನು ಒಮ್ಮೆ ಕೈ ಎತ್ತಿದ್ದರೂ ಗುಂಡು ಹಾರುತ್ತಿತ್ತು. ಆಮೇಲೆ ಎಲ್ಲರೂ ಬೇರೆ ದಾರಿಯೇ ಇರಲಿಲ್ಲ ಅನ್ನುತ್ತಿದ್ದರು. ದಾರಿ ಇತ್ತು, ಬಾಗಿಲು ಒಡೆಯುವ ಮೊದಲು.

1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಸರಳ ಪ್ರಯೋಗದ ಬಗ್ಗೆ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ. ಪೊಲೀಸ್ ಪಿಸ್ತೂಲು ತೆಗೆದು ಹೊಡೆಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದನ್ನು ಕೆಲವರು 21 ಅಡಿಯೊಳಗೆ ಬಂದರೆ ಗುಂಡು ಹೊಡೆಯಬಹುದು ಎಂದು ಓದಿಕೊಂಡರು. ನಾನು ಅದನ್ನು ಯಾವತ್ತೂ ಒಪ್ಪಿಲ್ಲ. ಹತ್ತಿರ ಹೋದಷ್ಟೂ ಯೋಚಿಸುವ ಹೊತ್ತು ಕಡಿಮೆಯಾಗುತ್ತದೆ. ಹಾಗಾಗಿ ದೂರ ನಿಲ್ಲಿ, ನಡುವೆ ಒಂದು ಕಾರೋ, ಗೋಡೆಯೋ, ಮುಚ್ಚಿದ ಬಾಗಿಲೋ ಇರಲಿ ಎಂದೇ ನಾನು ಹೇಳಿಕೊಡುತ್ತಿದ್ದೆ. ನಿಮ್ಮ ಬೀದಿಗೆ ಬಂದ ನಾಲ್ವರು ಮಾಡಿದ್ದು ಅದನ್ನೇ.

ಹೀಗೆ ಮಾಡದೆ ಆದ ಅನಾಹುತಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಉದಾಹರಣೆ ಇದೆ. 2014ರ ನವೆಂಬರ್‌ನಲ್ಲಿ ಪಾರ್ಕಿನಲ್ಲಿ ಯಾರೋ ಪಿಸ್ತೂಲು ತೋರಿಸುತ್ತಿದ್ದಾರೆ ಎಂದು ಕರೆ ಬಂತು. ಕರೆ ಮಾಡಿದವರು, ಅದು ಬಹುಶಃ ಆಟಿಕೆ, ಹುಡುಗನೂ ಬಹುಶಃ ಚಿಕ್ಕವನು ಎಂದು ಹೇಳಿದ್ದರು. ಕಂಟ್ರೋಲ್ ರೂಮಿನಿಂದ ಆ ಎರಡು ಮಾತು ಪೊಲೀಸರಿಗೆ ತಲುಪಲೇ ಇಲ್ಲ. ಅವರು ಕಾರನ್ನು ಹುಡುಗನ ಪಕ್ಕಕ್ಕೇ ತಂದು ನಿಲ್ಲಿಸಿದರು. ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಹುಡುಗನಿಗೆ 12 ವರ್ಷ. ಪಿಸ್ತೂಲು ಆಟಿಕೆಯದೇ. ಆ ಎರಡು ಸೆಕೆಂಡುಗಳ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ನನ್ನ ಕಣ್ಣಿಗೆ ಕಾಣುವುದು ಅದಕ್ಕೂ ಮುಂಚಿನ ನಿಮಿಷ. ಕಾರನ್ನು ದೂರದಲ್ಲಿ ನಿಲ್ಲಿಸಿ, ಅದರ ಮರೆಯಿಂದ ಕೂಗಿ ಹೇಳಿದ್ದರೆ ಆ ಮಗು ಬದುಕುತ್ತಿತ್ತೇನೋ.

ಮಾತಾಡಿ ಒಲಿಸುವುದಕ್ಕೂ ಕಲಿಕೆ ಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆಯಾಳುಗಳು ಸತ್ತ ಮೇಲೆ ನ್ಯೂಯಾರ್ಕ್ ಪೊಲೀಸರು ಸಂಧಾನಕ್ಕೆಂದೇ ಪ್ರತ್ಯೇಕ ತಂಡ ಕಟ್ಟಿದರು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಹಾರ್ವಿ ಶ್ಲಾಸ್‌ಬರ್ಗ್ ಪತ್ತೇದಾರರೂ ಹೌದು, ಮನಶ್ಶಾಸ್ತ್ರ ಓದಿದವರೂ ಹೌದು. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಮಾನಸಿಕ ಕಾಯಿಲೆಯಿದ್ದ ಯುವಕನೊಬ್ಬ ಚಾಕು ಹಿಡಿದಿದ್ದಾಗ ಪೊಲೀಸ್ ಗುಂಡಿಗೆ ಸತ್ತ. ಮರುವರ್ಷವೇ ಅಲ್ಲಿ ಇಂಥ ಕರೆಗಳಿಗೆಂದು 40 ಗಂಟೆಯ ತರಬೇತಿ ಶುರುವಾಯಿತು. ಒಬ್ಬರೇ ಮಾತಾಡಬೇಕು, ದನಿ ತಗ್ಗಿಸಬೇಕು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಅರಚಿದರೆ ಆ ಹುಡುಗ ಯಾರ ಮಾತು ಕೇಳಬೇಕು, ಹೇಳಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಏಟು ಬೀಳುತ್ತಿದೆಯೋ ಇಲ್ಲವೋ ಗೊತ್ತೇ ಆಗದ ಸಂದರ್ಭಗಳಿವೆ. ಮನೆ ಜಗಳ ಎಂದು ಕರೆ ಬಂದಿರುತ್ತದೆ, ಹೋದಾಗ ಮನೆ ಸದ್ದಿಲ್ಲದೆ ಇರುತ್ತದೆ. ಗಂಡ ಬಾಗಿಲಿಗೆ ಬಂದು ಏನೂ ಇಲ್ಲ ಸಾರ್, ಸುಮ್ನೆ ಮಾತಿಗೆ ಮಾತು ಬೆಳೆಯಿತು ಅನ್ನುತ್ತಾನೆ. ಸದ್ದಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಬೇಕು. ಹೆಂಡತಿಯನ್ನು ಗಂಡನ ಕಿವಿಗೆ ಬೀಳದ ಹಾಗೆ ಬೇರೆ ನಿಲ್ಲಿಸಿ ಮಾತಾಡಿಸಬೇಕು. ಮಕ್ಕಳು ಮಲಗಿದ್ದಾರೆ ಅಂದರೂ ಒಳಗೆ ಹೋಗಿ ನೋಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಮನೆಯಿಂದ ಗಂಡನ ಮಾತು ನಂಬಿ ವಾಪಸ್ ಬಂದಿದ್ದೆ. ಮಾರನೆಯ ದಿನ ಆಕೆ ಆಸ್ಪತ್ರೆಯಲ್ಲಿದ್ದಳು. ತರಬೇತಿಯಲ್ಲಿ ಈ ಭಾಗಕ್ಕೆ ನಾನು ಅರ್ಧ ದಿನ ಇಡುತ್ತಿದ್ದುದು ಆಕೆಯ ನೆನಪಿನಿಂದ.

ಉತ್ತರ ನಿಮಿಷಕ್ಕೊಮ್ಮೆ ಬದಲಾಗಬಹುದು. ಹತ್ತು ನಿಮಿಷ ಸಮಾಧಾನವಾಗಿ ಮಾತಾಡುತ್ತಿದ್ದವನು ಒಳಗಿರುವವರ ಮೇಲೆ ಕೈ ಮಾಡಿದರೆ ಕಾಯುವುದು ಅಲ್ಲಿಗೆ ಮುಗಿಯಿತು. ಅದಕ್ಕೇ ಒಬ್ಬರು ಮಾತಾಡುತ್ತಿರುವಾಗಲೇ ಇನ್ನಿಬ್ಬರು ನುಗ್ಗಲು ಸಿದ್ಧರಾಗಿ ನಿಂತಿರುತ್ತಾರೆ. ನಿಮ್ಮ ಬೀದಿಯಲ್ಲಿ ಸುಮ್ಮನೆ ನಿಂತಂತೆ ಕಂಡವರು ಬಹುಶಃ ಆ ಕೆಲಸದಲ್ಲೇ ಇದ್ದರು.

ಪ್ರಶ್ನೆ: ಕಾಲಿಗೆ ಗುಂಡು ಹೊಡೆದು ಹಿಡಿಯಬಹುದಲ್ವಾ? ಸಾಯಿಸುವುದೇಕೆ?

ಉತ್ತರ: ಪ್ರಾಣ ಉಳಿಯಲಿ ಎಂಬ ಆಸೆಯಿಂದ ಕೇಳಿದ್ದೀರಿ. ಆದರೆ ಓಡುವ ಕಾಲು ತೆಳ್ಳಗಿನ ಗುರಿ, ಕ್ಷಣಕ್ಷಣಕ್ಕೂ ಅಲುಗುತ್ತದೆ. ತಪ್ಪಿದ ಗುಂಡು ಎಲ್ಲಿ ಹೋಗುತ್ತದೋ ಹೇಳಲಾಗದು. ತೊಡೆಯಲ್ಲಿ ದೊಡ್ಡ ರಕ್ತನಾಳವಿದೆ, ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕೆಲವು ದೇಶಗಳ ಪೊಲೀಸರಿಗೆ ಕಾಲಿಗೆ ಗುರಿಯಿಡಲು ಕಲಿಸುತ್ತಾರೆ, ಅದು ನಿಜ. ಆದರೂ ಬಂದೂಕು ಯಾವಾಗಲೂ ಸಾವು ತರಬಲ್ಲದು ಎಂದುಕೊಂಡೇ ಅದನ್ನು ಹೊರತೆಗೆಯಬೇಕು. ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಗಳ ತಿರುಳೂ ಅದೇ. ಸಾವು ಅಥವಾ ತೀವ್ರ ಗಾಯದ ಅಪಾಯ ಕಣ್ಣೆದುರಿಗಿದ್ದು, ಬೇರೆ ಯಾವುದರಿಂದಲೂ ತಡೆಯಲಾಗದಿದ್ದಾಗ ಮಾತ್ರ ಬಂದೂಕು. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಅಪಾಯಕಾರಿಯಲ್ಲದವನು ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಗುಂಡು ಹೊಡೆಯುವಂತಿಲ್ಲ ಎಂದಿತು. ಅಲ್ಲಿ ಸತ್ತವನು 15 ವರ್ಷದ ಹುಡುಗ, ಕೈಯಲ್ಲಿ ಆಯುಧವಿರಲಿಲ್ಲ.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಗಮನಿಸುವುದು ಕಡಿಮೆ. ಗಾಯವಾದವರು ಯಾರೇ ಆಗಿರಲಿ, ಆದಷ್ಟು ಬೇಗ ಚಿಕಿತ್ಸೆ ಸಿಗುವಂತೆ ಮಾಡಬೇಕು. ಕೈಗೆ ಕೋಳ ಬಿದ್ದ ಕ್ಷಣದಿಂದ ಅವನ ಪ್ರಾಣ ಪೊಲೀಸರ ಕೈಯಲ್ಲಿರುತ್ತದೆ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರೆ ಉಸಿರು ಕಟ್ಟುತ್ತದೆ. ತಕ್ಷಣ ಮಗ್ಗುಲಿಗೆ ಹೊರಳಿಸಬೇಕು, ಇಲ್ಲವೇ ಎಬ್ಬಿಸಿ ಕೂರಿಸಬೇಕು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತ ಹೀಗೇ ಸತ್ತಾಗ ಮಂಡಿಯೂರಿ ಒತ್ತಿದ ಪೊಲೀಸನಿಗಷ್ಟೇ ಶಿಕ್ಷೆಯಾಗಲಿಲ್ಲ. ಚಿಕಿತ್ಸೆ ಕೊಡಿಸದೆ ಇದ್ದದ್ದಕ್ಕೆ ಅಲ್ಲಿದ್ದ ಉಳಿದ ಮೂವರು ಪೊಲೀಸರನ್ನೂ 2022ರಲ್ಲಿ ಅಪರಾಧಿಗಳೆಂದು ಕೋರ್ಟ್ ತೀರ್ಮಾನಿಸಿತು.

ಪ್ರಶ್ನೆ: ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ಪೊಲೀಸರಿಗೆ ಫೋನ್ ಮಾಡಿ ಕಾದಳು. ಅವರು ಬರುವಷ್ಟರಲ್ಲಿ ತಡವಾಗಿತ್ತು. ಇದಕ್ಕೆ ಯಾರೂ ಹೊಣೆ ಇಲ್ವಾ?

ಉತ್ತರ: ನೈತಿಕವಾಗಿ ಖಂಡಿತ ಹೊಣೆ ಇದೆ. ಕಾನೂನು ಮಾತ್ರ ಎಲ್ಲ ಕಡೆ ಅಷ್ಟು ದೂರ ಹೋಗಿಲ್ಲ. ಕೋರ್ಟುಗಳು ಎರಡು ವಿಷಯಗಳನ್ನು ಬೇರೆ ಮಾಡುತ್ತವೆ. ಪೊಲೀಸರೇ ಕೈಯಾರೆ ಹಾನಿ ಮಾಡಿದ್ದು ಒಂದು. ಬೇರೆಯವರು ಮಾಡಿದ ಹಾನಿಯನ್ನು ತಡೆಯದೆ ಹೋದದ್ದು ಇನ್ನೊಂದು. ಇಂಗ್ಲೆಂಡಿನಲ್ಲಿ ಆರೋಪಿಯನ್ನು ಹಿಡಿಯುವಾಗ ನೂಕುನುಗ್ಗಲಿನಲ್ಲಿ ಬಿದ್ದು ಗಾಯಗೊಂಡ ವೃದ್ಧೆಯೊಬ್ಬರಿಗೆ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿತು. ಪೊಲೀಸ್ ವಶದಲ್ಲಿ ಸಾವಾದರೆ ಸರ್ಕಾರ ಪರಿಹಾರ ಕೊಡಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಎರಡನೆಯದು ಬಹಳ ಕಷ್ಟ. 2009ರಲ್ಲಿ ವೇಲ್ಸ್‌ನ ಮಹಿಳೆಯೊಬ್ಬರು ತುರ್ತು ಕರೆ ಮಾಡಿದರು. ಕರೆ ಪಕ್ಕದ ಪೊಲೀಸ್ ಪಡೆಗೆ ಹೋಯಿತು. ಅವರು ತಕ್ಷಣ ಹೋಗಬೇಕು ಎಂದು ಗುರುತು ಹಾಕಿದರು. ಮಾಹಿತಿ ಕೈಬದಲಾಗುವಾಗ ತುರ್ತು ಕಡಿಮೆಯಾಯಿತು. ಆಕೆ ಕೊಲೆಯಾದರು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯದ ದಾವೆಯನ್ನು ತಳ್ಳಿಹಾಕಿತು. ಬದುಕುವ ಹಕ್ಕಿನ ಅಡಿಯ ದಾವೆಗೆ ಮಾತ್ರ ದಾರಿ ಬಿಟ್ಟಿತು.

ಆ ದಾರಿಗೆ 1998ರಲ್ಲೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಳತೆಗೋಲು ಕೊಟ್ಟಿತ್ತು. ಇಂಥವರ ಪ್ರಾಣಕ್ಕೆ ನಿಜವಾದ, ತಕ್ಷಣದ ಅಪಾಯವಿದೆ ಎಂದು ಪೊಲೀಸರಿಗೆ ಗೊತ್ತಿತ್ತೇ, ಅಥವಾ ಗೊತ್ತಾಗಬೇಕಿತ್ತೇ? ಗೊತ್ತಿದ್ದೂ ತಮ್ಮಿಂದ ಆಗಬಹುದಾದ್ದನ್ನು ಮಾಡಲಿಲ್ಲವೇ? ಅಮೆರಿಕದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಗಂಡನಿಂದ ರಕ್ಷಣೆ ಕೊಡುವ ಕೋರ್ಟ್ ಆದೇಶ ಕೈಯಲ್ಲಿ ಹಿಡಿದು ಪದೇಪದೇ ಪೊಲೀಸರನ್ನು ಕೇಳಿದ ತಾಯಿಯೊಬ್ಬರ ಮೂವರು ಹೆಣ್ಣುಮಕ್ಕಳು ಕೊಲೆಯಾದರು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಕೆಯ ಪರ ನಿಲ್ಲಲಿಲ್ಲ. ಈ ತೀರ್ಪನ್ನು ಎಷ್ಟು ಸಲ ಓದಿದರೂ ನನಗೆ ಒಪ್ಪಲು ಆಗುವುದಿಲ್ಲ.

ನಿಮ್ಮ ಪರಿಚಯದವರ ಕುಟುಂಬ ಮೊದಲು ಕೇಳಬೇಕಾದ್ದು ಕರೆಯ ದಾಖಲೆ. ಎಷ್ಟು ಗಂಟೆಗೆ ಕರೆ ಬಂತು, ಆಕೆ ಏನು ಹೇಳಿದರು, ಕಂಟ್ರೋಲ್ ರೂಮಿನವರು ಏನು ಬರೆದುಕೊಂಡರು, ಗಾಡಿ ಯಾವಾಗ ಹೊರಟಿತು. ಧ್ವನಿ ದಾಖಲೆಗಳನ್ನು ಹೆಚ್ಚು ದಿನ ಇಡದ ಕಡೆಗಳಿವೆ. ಹಾಗಾಗಿ ಅಳಿಸಬೇಡಿ ಎಂದು ಈ ವಾರವೇ ಬರಹದಲ್ಲಿ ಕೊಡಿ.

ಪ್ರಶ್ನೆ: ನನ್ನ ತಮ್ಮ ಕಾನ್‌ಸ್ಟೇಬಲ್. ಎರಡು ತಿಂಗಳ ಹಿಂದೆ ಒಂದು ಹೊಡೆದಾಟಕ್ಕೆ ಹೋಗಿದ್ದ. ಮಚ್ಚು ನೋಡಿ ಕಾಲು ಕಿತ್ತಿಡಲಾಗಲಿಲ್ಲ, ಜೊತೆಯವನಿಗೆ ಏಟು ಬಿತ್ತು ಎಂದು ಕೊರಗುತ್ತಾನೆ. ನಿದ್ದೆ ಮಾಡುವುದಿಲ್ಲ.

ಉತ್ತರ: ನಿಮ್ಮ ತಮ್ಮನಿಗೆ ಆದದ್ದು ಹೇಡಿತನವಲ್ಲ. ದೊಡ್ಡ ಭಯ ಎದುರಾದಾಗ ಕೆಲವರ ಮೈ ಓಡುತ್ತದೆ, ಕೆಲವರದು ಎದುರಿಗೆ ನಿಲ್ಲುತ್ತದೆ, ಕೆಲವರದು ಮರಗಟ್ಟುತ್ತದೆ. ಕಣ್ಣು ಮಚ್ಚಿನ ಮೇಲೇ ನೆಟ್ಟುಹೋಗುತ್ತದೆ, ಪಕ್ಕದವರ ಕೂಗೂ ಕೇಳಿಸದೆ ಹೋಗಬಹುದು. ಅನುಭವಿಗಳಿಗೂ ಹೀಗಾಗುತ್ತದೆ. ನಿಜದಂಥ ಸನ್ನಿವೇಶ ಕಟ್ಟಿ ಮತ್ತೆಮತ್ತೆ ಅಭ್ಯಾಸ ಮಾಡಿಸಿದರೆ ಮರಗಟ್ಟುವುದು ಕಡಿಮೆಯಾಗುತ್ತದೆ. ಆ ಅಭ್ಯಾಸ ಕೊಡಿಸುವುದು ಇಲಾಖೆಯ ಕೆಲಸ, ಅವನ ತಪ್ಪಲ್ಲ.

ಯಾಕೆ ಮುಂದೆ ಹೋಗಲಿಲ್ಲ ಎಂದು ಮನೆಯಲ್ಲಿ ಯಾರೂ ಕೇಳಬೇಡಿ. ಅವನಾಗಿ ಮಾತಾಡಿದಾಗ ಪೂರ್ತಿ ಕೇಳಿಸಿಕೊಳ್ಳಿ. ಏಟು ತಿಂದ ಜೊತೆಗಾರನನ್ನು ಭೇಟಿಯಾಗಲು ಅವನಿಗೆ ಇಷ್ಟವಿದ್ದರೆ ನೀವೂ ಜೊತೆಗೆ ಹೋಗಿ. ಎರಡು ತಿಂಗಳಾದರೂ ನಿದ್ದೆ ಬರುತ್ತಿಲ್ಲ ಎಂದರೆ ಮನೋವೈದ್ಯರನ್ನು ಕಾಣುವ ಹೊತ್ತು ಬಂದಿದೆ, ಇನ್ನು ಮುಂದೂಡಬೇಡಿ. ಬದುಕಿದ್ದು ಏನು ಪ್ರಯೋಜನ ಎಂಬಂಥ ಮಾತು ಅವನ ಬಾಯಲ್ಲಿ ಬಂದಿದ್ದರೆ ನೇರವಾಗಿ, ಮೆತ್ತಗೆ ಕೇಳಿ: ಸಾಯಬೇಕು ಅನ್ನಿಸುತ್ತಿದೆಯಾ? ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವನ ಕೈಯಲ್ಲಿ ಇಲಾಖೆಯ ಆಯುಧವಿದ್ದರೆ ಅದನ್ನು ಸದ್ಯಕ್ಕೆ ಠಾಣೆಯಲ್ಲೇ ಇಟ್ಟುಕೊಳ್ಳುವಂತೆ ಮೇಲಧಿಕಾರಿಗೆ ನೀವೇ ಹೋಗಿ ಹೇಳಿ.