ಬಾತ್‌ಟಬ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಅದರೊಳಗೆ ಮಲಗಿ ನೋಡುವುದು ಸರಿಯೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ನಿಮ್ಮ 3ನೇ ಮಹಡಿಯ ಫ್ಲ್ಯಾಟಿನ ದೊಡ್ಡ ಬಚ್ಚಲುಮನೆಯನ್ನು ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೀರಿ, ಒಂದು ಬಾತ್‌ಟಬ್ ಹಾಕಿಸುವ ಆಸೆಯಿದೆ, ಮೊಣಕಾಲು ನೋವಿರುವ ನಿಮ್ಮ ಅತ್ತೆಯವರೂ ಅದನ್ನು ಬಳಸಬೇಕು. ಅಳತೆ ನೋಡಿಕೊಂಡು ಆನ್‌ಲೈನಿನಲ್ಲಿ ತರಿಸಿದರೆ ಸಾಕೇ, ಇಲ್ಲ ಅಂಗಡಿಗೆ ಹೋಗಿ ಟಬ್ಬಿನೊಳಗೆ ಕುಳಿತು ನೋಡಬೇಕೇ, ಕುಳಿತರೆ ಅಂಗಡಿಯವರು ಏನೆಂದುಕೊಂಡಾರು ಎಂಬುದು ನಿಮ್ಮ ಪ್ರಶ್ನೆ. ಕುಳಿತರೆ ಸಾಲದು, ಮಲಗಿಯೇ ನೋಡಬೇಕು ಎಂಬುದು ನನ್ನ ಉತ್ತರ. ಅಂಗಡಿಯವರು ಏನೆಂದುಕೊಳ್ಳುತ್ತಾರೆ ಎಂಬ ಅಳುಕಿಗೆ ಬಲಿಯಾಗಿ ನಾನು ಒಮ್ಮೆ ತಪ್ಪು ಟಬ್ಬಿಗೆ ಮುಂಗಡ ಕೊಡುವುದರಲ್ಲಿದ್ದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಹಳೆಯ ಮನೆಯ ಬಚ್ಚಲನ್ನು ಹೊಸದಾಗಿ ಮಾಡಿಸಿದಾಗ ನನಗೆ ಐವತ್ತು ದಾಟಿತ್ತು. ಯಜಮಾನರ ಎತ್ತರ 5 ಅಡಿ 10 ಅಂಗುಲ, ನನ್ನದು 5 ಅಡಿ 1 ಅಂಗುಲ. ಲಾಲ್‌ಬಾಗ್ ಬಳಿಯ ಸಿದ್ದಯ್ಯ ರಸ್ತೆಯಲ್ಲಿ ಟೈಲ್ಸ್ ನೋಡಲೆಂದು ಹೋದವರು ಒಂದು ಶೋರೂಮಿಗೆ ಹೊಕ್ಕು, 1700 ಮಿಲಿಮೀಟರ್ ಉದ್ದ, 750 ಅಗಲದ ಬಿಳಿ ಅಕ್ರಿಲಿಕ್ ಟಬ್ಬನ್ನು ಮೆಚ್ಚಿದೆವು. ಯಜಮಾನರು ಚಪ್ಪಲಿ ಬಿಟ್ಟು ಅದರೊಳಗೆ ಇಳಿದು ಅರ್ಧ ನಿಮಿಷ ಕುಳಿತು, ‘ಚೆನ್ನಾಗಿದೆ’ ಎಂದರು. ನಾನು ರೇಷ್ಮೆಯಲ್ಲದಿದ್ದರೂ ಸೀರೆಯಲ್ಲಿದ್ದೆ. ಸುತ್ತ ನಾಲ್ಕು ಜನ ನಿಂತಿರುವಾಗ ಸೀರೆಯುಟ್ಟವಳು ಟಬ್ಬಿನಲ್ಲಿ ಕಾಲು ಚಾಚಿ ಮಲಗುವುದು ಹೇಗೆ ಎಂದು ನಾಚಿ, ಅಂಚನ್ನು ಸವರಿ ನೋಡಿ ಸುಮ್ಮನಾದೆ. ಟಬ್ಬನ್ನು ಬೇಡಿದವಳು ನಾನು, ವಾರಕ್ಕೊಮ್ಮೆ ಅದರಲ್ಲಿ ಮಲಗುವವಳೂ ನಾನೇ; ಆದರೆ ಪರೀಕ್ಷಿಸಿದವರು ಮಾತ್ರ ಅವರು. ಅಂದು ಮುಂಗಡ ಕೊಡದೆ ಬಂದದ್ದು ಜಾಣತನದಿಂದಲ್ಲ, ಕಾರ್ಡನ್ನು ಮನೆಯಲ್ಲಿ ಮರೆತು ಬಂದದ್ದರಿಂದ.

ಮರುವಾರ ಚೂಡಿದಾರ ತೊಟ್ಟು, ಚೀಲದಲ್ಲಿ ಒಂದು ಹಳೆಯ ಬೆಡ್‌ಶೀಟು, ಅಳತೆಯ ಟೇಪು ಇಟ್ಟುಕೊಂಡು ಹೋದೆ. ವಾರದ ನಡುವಿನ ದಿನ, ಬೆಳಗ್ಗೆ ಹನ್ನೊಂದರ ಹೊತ್ತು, ಅಂಗಡಿಯಲ್ಲಿ ಜನವಿರಲಿಲ್ಲ. ‘ಒಳಗೆ ಮಲಗಿ ನೋಡಬಹುದೇ’ ಎಂದು ಕೇಳಿದ್ದಕ್ಕೆ ಸೇಲ್ಸ್ ಹುಡುಗ, ‘ಧಾರಾಳವಾಗಿ ನೋಡಿ ಮೇಡಂ, ಆದರೆ ಬಳೆ, ಕೀಲಿ ತಾಗದ ಹಾಗೆ ನೋಡಿಕೊಳ್ಳಿ, ಗೀರು ಬೀಳುತ್ತದೆ’ ಎಂದನಷ್ಟೇ. ಬೆಡ್‌ಶೀಟು ಹಾಸಿಕೊಂಡು ಬೆನ್ನೊರಗಿ ಕಾಲು ಚಾಚಿದಾಗ ಗೊತ್ತಾಯಿತು, ನನ್ನ ಅಂಗಾಲಿಗೂ ಎದುರಿನ ಗೋಡೆಗೂ ನಡುವೆ ಒಂದು ಗೇಣು ಖಾಲಿ ಜಾಗವಿತ್ತು. ಒಣ ಟಬ್ಬಿನಲ್ಲಿ ಇದು ದೊಡ್ಡ ದೋಷವೆನಿಸದು. ಆದರೆ ನೀರು ತುಂಬಿದಾಗ ಮೈ ಹಗುರಾಗಿ ತೇಲತೊಡಗುತ್ತದೆ. ಅಂಗಾಲಿಗೆ ಒತ್ತು ಕೊಡಲು ಏನೂ ಇಲ್ಲದಿದ್ದರೆ ಮೈ ಮೆಲ್ಲಗೆ ಜಾರುತ್ತ ಹೋಗಿ ಗದ್ದ ನೀರಿಗೆ ತಾಗುತ್ತದೆ. ಹತ್ತು ನಿಮಿಷದ ವಿಶ್ರಾಂತಿಯಲ್ಲಿ ಐದು ಸಲ ಮೇಲಕ್ಕೆ ಸರಿದುಕೊಳ್ಳಬೇಕಾದರೆ ಅದು ವಿಶ್ರಾಂತಿಯಾಗುವುದಿಲ್ಲ. ಗಿಡ್ಡಗಿರುವವರಿಗೆ ಉದ್ದದ ಟಬ್ ಐಷಾರಾಮವೆಂಬ ಭಾವನೆ ಹಾಗಾಗಿ ತಪ್ಪು.

ಕ್ಯಾಟಲಾಗಿನ ಅಳತೆಯಿಂದ ಇದು ತಿಳಿಯದಿರಲು ಒಂದು ಕಾರಣವಿದೆ. ಅಲ್ಲಿ ಮುದ್ರಿಸಿರುವ 1700 ಅಥವಾ 1500 ಟಬ್ಬಿನ ಹೊರ ಅಂಚಿನ ಉದ್ದ. ಅದು ಬಚ್ಚಲುಮನೆಗೆ ಬೇಕಾದ ಲೆಕ್ಕ, ಮೈಗೆ ಬೇಕಾದ ಲೆಕ್ಕವಲ್ಲ. ಅಂಚಿನ ದಪ್ಪ, ಎರಡೂ ತುದಿಯ ಇಳಿಜಾರು ಕಳೆದು ಉಳಿಯುವ ತಳದ ಉದ್ದವನ್ನು ನಾನು ಟೇಪು ಹಿಡಿದು ನೋಡಿದಾಗ, ಆ 1700ರ ಟಬ್ಬಿನಲ್ಲಿ ಅದು 1150 ಇತ್ತು. ಪಕ್ಕದಲ್ಲೇ ಅಷ್ಟೇ ಹೊರ ಉದ್ದದ ಇನ್ನೊಂದು ಕಂಪನಿಯ ಟಬ್ಬಿನಲ್ಲಿ ತಳ ಇನ್ನೂ ಉದ್ದವಾಗಿತ್ತು, ಏಕೆಂದರೆ ಅದರ ಕಾಲಿನ ಕಡೆಯ ಗೋಡೆ ಹೆಚ್ಚು ನೆಟ್ಟಗಿತ್ತು. ಆನ್‌ಲೈನಿನಲ್ಲೇ ಕೊಳ್ಳುವುದು ಅನಿವಾರ್ಯವಾದರೆ ತಳದ ಉದ್ದ, ಅಗಲಗಳನ್ನು ತೋರಿಸುವ ತಾಂತ್ರಿಕ ನಕ್ಷೆಯನ್ನು ಕೇಳಿ ತರಿಸಿಕೊಳ್ಳಿ. ಫೋಟೋಗಳಿಂದ ಏನೂ ತಿಳಿಯುವುದಿಲ್ಲ.

ಆಳದ ವಿಷಯದಲ್ಲೂ ಇದೇ ಮೋಸ. ಮೋಸವೆಂದರೆ ಯಾರೂ ಬೇಕೆಂದು ಮಾಡಿದ್ದಲ್ಲ, ನಾವು ನೋಡಬೇಕಾದ್ದನ್ನು ನೋಡದೆ ಇರುವುದು. ಹೊರಗಿನಿಂದ 22 ಅಂಗುಲ ಎತ್ತರವಿದ್ದ ಒಂದು ಚೆಲುವಾದ ಟಬ್ಬಿನಲ್ಲಿ ತಳದಿಂದ ಓವರ್‌ಫ್ಲೋ ತೂತಿನವರೆಗೆ ಅಳೆದರೆ 13 ಅಂಗುಲವಿತ್ತು. ನೀರು ನಿಲ್ಲುವುದು ಆ ತೂತಿನವರೆಗೆ ಮಾತ್ರ, ಅದರ ಮೇಲಿನದು ಬರಿಯ ಗೋಡೆ. ಟಬ್ಬಿನಲ್ಲಿ ಒರಗಿ, ಓವರ್‌ಫ್ಲೋ ಎತ್ತರಕ್ಕೆ ಅಂಗೈಯನ್ನು ಅಡ್ಡವಾಗಿ ಹಿಡಿದು, ಅದು ಮೈಯ ಮೇಲೆ ಎಲ್ಲಿಗೆ ಬರುತ್ತದೆ ಎಂದು ನೋಡಿ. ಮೊಣಕಾಲು ಮಡಿಸಿದಾಗ ಮಂಡಿಚಿಪ್ಪು ನೀರಿನಿಂದ ಹೊರಗೆ ಉಳಿಯುವುದಾದರೆ, ಮಂಡಿನೋವಿಗೆಂದೇ ಟಬ್ ಹಾಕಿಸುವವರಿಗೆ ಅದರಿಂದ ಏನು ಉಪಯೋಗ?

ಬೆನ್ನೊರಗಿನ ಇಳಿಜಾರನ್ನು ಟೇಪಿನಿಂದ ಅಳೆಯಲಾಗದು, ಅದನ್ನು ಹೇಳಬೇಕಾದ್ದು ಕುತ್ತಿಗೆಯೇ. ನೆಟ್ಟಗಿದ್ದರೆ ತಲೆ ಮುಂದಕ್ಕೆ ಬಾಗುತ್ತದೆ, ತೀರ ಇಳಿಜಾರಾಗಿದ್ದರೆ ಜಾರುತ್ತೇವೆ. ಅದೇ ಟಬ್ಬಿನ ಅಂಚು ನನ್ನ ಹಿಂದಲೆಗೆ ಸರಿಯಾಗಿ ಒದಗಿದರೆ ಯಜಮಾನರಿಗೆ ಹೆಗಲಿನ ಮೂಳೆಗೆ ಒತ್ತುತ್ತಿತ್ತು. ಇಂಥದ್ದು ಅರ್ಧ ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಕನಿಷ್ಠ ಹತ್ತು ನಿಮಿಷ ಮಲಗಿರಿ, ಫೋನಿನಲ್ಲಿ ಯಾರೊಡನಾದರೂ ಮಾತನಾಡುತ್ತಿದ್ದರೆ ಹೊತ್ತು ಹೋಗುತ್ತದೆ, ನಾಚಿಕೆಯೂ ಹೋಗುತ್ತದೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಇಬ್ಬರೂ ಮಲಗಬೇಕು, ಬೇರೆ ಬೇರೆಯಾಗಿ.

ಒಳಗಿರುವಾಗಲೇ ಹಿಮ್ಮಡಿಯಿಂದ ತಳವನ್ನು ಬಲವಾಗಿ ಒತ್ತಿ. ತಳ ಕುಗ್ಗಿ ‘ಟಕ್’ ಎಂದು ಸದ್ದು ಬಂದರೆ ಅಕ್ರಿಲಿಕ್ ಹಾಳೆಯ ಕೆಳಗಿನ ಫೈಬರ್‌ಗ್ಲಾಸ್ ಬಲವರ್ಧನೆ ತೆಳುವಾಗಿದೆ ಎಂದರ್ಥ, ಇಲ್ಲವೇ ಅಂಗಡಿಯಲ್ಲಿ ಅದನ್ನು ಸರಿಯಾಗಿ ಕೂರಿಸಿಲ್ಲ ಎಂದರ್ಥ. ಯಾವುದೆಂದು ಕೇಳಿ, ಸಾಧ್ಯವಾದರೆ ಅಡಿಯಲ್ಲಿ ಬಗ್ಗಿ ನೋಡಿ. ಮುಟ್ಟಿದರೆ ಅಕ್ರಿಲಿಕ್ ಬೆಚ್ಚಗಿರುತ್ತದೆ. ಎನಾಮಲ್ ಹಚ್ಚಿದ ಉಕ್ಕು, ಬೀಡುಕಬ್ಬಿಣಗಳು ತಣ್ಣಗಿದ್ದು ಮೊದಲು ಸುರಿದ ನೀರಿನ ಬಿಸಿಯನ್ನು ತಾವೇ ಹೀರುತ್ತವೆ. ಬೀಡಿನ ಟಬ್ಬಿನ ಗಟ್ಟಿತನ ನನಗೆ ಬಹಳ ಹಿಡಿಸಿತ್ತು, ಆದರೆ ಖಾಲಿ ಟಬ್ಬೇ ನೂರು ಕಿಲೋ ಮೀರುವ ಆ ವಸ್ತುವನ್ನು ನಿಮ್ಮ ಮೂರನೆಯ ಮಹಡಿಗೆ ನಾನು ಹೇಳಲಾರೆ.

ಈಗ ಮಲಗಿದ್ದಕ್ಕಿಂತ ಮುಖ್ಯವಾದ ಭಾಗ, ಏಳುವುದು. ಯಾರ ಕೈಯನ್ನೂ ಹಿಡಿಯದೆ, ಅಂಚಿನ ಮೇಲೆ ಎರಡು ಅಂಗೈ ಊರಿ, ಮೂರು ಸಲ ಎದ್ದು ಹೊರಗೆ ಬಂದು ಮತ್ತೆ ಒಳಗೆ ಹೋಗಿ. ಮೂರನೆಯ ಸಲಕ್ಕೆ ನನ್ನ ಮಂಡಿ ನಿಜ ಹೇಳಿತು. ಅಂಗಡಿಯಲ್ಲಿ ಟಬ್ಬುಗಳನ್ನು ಸಾಮಾನ್ಯವಾಗಿ ಒಂದು ಜಗಲಿಯ ಮೇಲೆ ಇಟ್ಟಿರುತ್ತಾರೆ, ಹತ್ತಲು ಮೆಟ್ಟಿಲೂ ಇರುತ್ತದೆ. ಆದ್ದರಿಂದ ಅಂಚಿನ ಎತ್ತರವನ್ನು ಟಬ್ಬಿನ ಪಾದ ಊರಿದ ಜಾಗದಿಂದ ಅಳೆದು, ಅಷ್ಟೇ ಎತ್ತರದ ಹಲಗೆಯನ್ನೋ ಸ್ಟೂಲನ್ನೋ ಮನೆಯಲ್ಲಿ ದಾಟಿ ನೋಡಬೇಕು. ಏಳುವಾಗ ಕೈ ತಾನಾಗಿ ಗೋಡೆಯ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ, ಹಿಡಿಕೆಯ ಸರಳು ಬರಬೇಕಾದ್ದು ಅಲ್ಲಿ. ಆ ಗೋಡೆ ಹಾಲೋ ಬ್ಲಾಕಿನದಾದರೆ ಸರಳು ಮೈಭಾರ ತಡೆಯಲಾರದು. ಟೈಲ್ಸ್ ಹಾಕುವ ಮೊದಲೇ ಮೇಸ್ತ್ರಿಗೆ ಹೇಳಿ ಅಲ್ಲಿ ಕಾಂಕ್ರೀಟ್ ತುಂಬಿಸಿಕೊಳ್ಳಬೇಕು.

ನಮ್ಮವರಿಗೆ ಇನ್ನೊಂದು ಪ್ರಶ್ನೆ ಉಂಟು: ಆ ಟಬ್ಬಿನಲ್ಲಿ ಎಣ್ಣೆಸ್ನಾನ ಮಾಡುತ್ತೀರಾ? ದೀಪಾವಳಿಗೆ ನೀರು ತುಂಬುವ ಹಬ್ಬ ಮಾಡಿ, ಹಂಡೆಯಿಂದ ಬಿಸಿನೀರು ಮೊಗೆದು ಸುರಿದುಕೊಂಡವರ ಮನೆಯವಳು ನಾನು. ಎಣ್ಣೆ ಹಚ್ಚಿದ ಮೈಯಲ್ಲಿ ನಯವಾದ ಅಕ್ರಿಲಿಕ್ ಟಬ್ಬಿಗೆ ಇಳಿಯುವುದು ಬಿದ್ದು ಮೂಳೆ ಮುರಿದುಕೊಳ್ಳುವ ದಾರಿ. ಸೀಗೆಪುಡಿ, ಕಡಲೆಹಿಟ್ಟು ಎಣ್ಣೆಯೊಡನೆ ಸೇರಿ ವೇಸ್ಟ್ ಪೈಪಿನಲ್ಲಿ ಕಟ್ಟಿಕೊಳ್ಳುವುದು ಬೇರೆ. ಟಬ್ ಹಾಕಿಸಿದರೂ ಮಣೆ ಹಾಕಿ ಕುಳಿತು ಸ್ನಾನ ಮಾಡುವಷ್ಟು ನೆಲವನ್ನು ಉಳಿಸಿಕೊಳ್ಳಿ. ತಳದಲ್ಲಿ ಜಾರದಂತೆ ಉಬ್ಬು ಗೆರೆಗಳಿರುವ ಟಬ್ಬುಗಳಿವೆ, ಅಂಗಡಿಯಲ್ಲಿ ಬರಿಗಾಲಲ್ಲಿ ನಿಂತರೆ ಅವುಗಳ ಹಿಡಿತ ತಿಳಿಯುತ್ತದೆ.

ಗುಳ್ಳೆ ಬರುವ ಟಬ್ಬಿನ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ಖಂಡಿತ ತೋರಿಸುತ್ತಾರೆ. ನಾವೆಲ್ಲ ಜಕೂಜಿ ಎನ್ನುವುದು ಅಸಲಿಗೆ ಒಂದು ಕಂಪನಿಯ ಹೆಸರು. ಅಮೆರಿಕಕ್ಕೆ ವಲಸೆ ಹೋದ ಇಟಲಿಯ ಕುಟುಂಬವೊಂದು 1968ರಲ್ಲಿ ಪಂಪು, ನೀರನ್ನು ರಭಸದಿಂದ ಚಿಮ್ಮಿಸುವ ಜೆಟ್ಟುಗಳೆಲ್ಲ ಒಳಗೇ ಸೇರಿದ ಟಬ್ಬನ್ನು ಮಾರುಕಟ್ಟೆಗೆ ತಂದಿತು. ಒಣಗಿದ ಟಬ್ಬಿನಲ್ಲಿ ಮಲಗಿ ಜೆಟ್ಟುಗಳ ಬಗ್ಗೆ ತೀರ್ಮಾನಿಸಲಾಗದು, ನೀರು ತುಂಬಿ ಓಡಿಸಿ ತೋರಿಸದಿದ್ದರೆ ಅವನ್ನು ಮರೆತುಬಿಡಿ. ಬೋರ್‌ವೆಲ್ಲಿನ ಗಡಸು ನೀರು ಆ ಸಣ್ಣ ತೂತುಗಳಲ್ಲಿ ಸುಣ್ಣ ಕಟ್ಟುತ್ತದೆ.

ಅಂಗಡಿಗೆ ಹೋಗುವ ಮೊದಲೇ ಬಿಸಿನೀರಿನ ಲೆಕ್ಕ ಮಾಡಿಕೊಂಡಿದ್ದರೆ ಕಣ್ಣಿಗೆ ಕಂಡದ್ದೆಲ್ಲ ಬೇಕೆನಿಸುವುದಿಲ್ಲ. ಟಬ್ಬಿಗೆ ತುಂಬುವ 150 ಲೀಟರ್ ನೀರನ್ನು 24 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 2.8 ಯೂನಿಟ್ ವಿದ್ಯುತ್ ಬೇಕು. 60 ಡಿಗ್ರಿಯ ನೀರನ್ನು ತಣ್ಣೀರಿನೊಡನೆ ಬೆರೆಸುವುದಾದರೆ ಸುಮಾರು 67 ಲೀಟರ್ ಬಿಸಿನೀರು ಬೇಕಾಗುತ್ತದೆ. ನಿಮ್ಮದು 25 ಲೀಟರಿನ, 2 ಕಿಲೋವಾಟ್ ಗೀಸರ್ ಆದರೆ ಒಂದು ಸಲ ಕಾಯಲು ಅರ್ಧ ಗಂಟೆ, ಅದನ್ನು ಮೂರು ಸಲ ಕಾಯಿಸಬೇಕು. ಅಷ್ಟರಲ್ಲಿ ಮೊದಲು ಬಿಟ್ಟ ನೀರು ಆರಿರುತ್ತದೆ. ನಮ್ಮ ತಾರಸಿಯಲ್ಲಿ 200 ಲೀಟರಿನ ಸೋಲಾರ್ ಇರುವುದರಿಂದ ನಡೆಯುತ್ತಿದೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ನಾವು ಟಬ್ಬನ್ನು ಮುಟ್ಟಲಿಲ್ಲ, ಅದರಲ್ಲಿ ಬಕೆಟ್ಟುಗಳನ್ನು ಜೋಡಿಸಿಟ್ಟಿದ್ದೆವು.

ತೂಕದ ಮಾತನ್ನು ಪ್ಲಂಬರಿಗೆ ಬಿಡಬೇಡಿ. ನೀರು, ಟಬ್, ಮನುಷ್ಯ ಸೇರಿ 250 ಕಿಲೋ ಸಮೀಪಕ್ಕೆ ಬರುತ್ತದೆ, ಅದೂ ಒಂದು ಚದರ ಮೀಟರಿನಷ್ಟು ಜಾಗದ ಮೇಲೆ. ಕಟ್ಟಡಗಳ ಹೊರೆಯ ಲೆಕ್ಕಕ್ಕಿರುವ ಭಾರತೀಯ ಮಾನಕ 875ರ ಪ್ರಕಾರ ವಸತಿ ಕಟ್ಟಡದ ಬಚ್ಚಲುಮನೆಗೆ ಹಿಡಿಯುವ ಹೊರೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಹೊರೆ ಸ್ಲ್ಯಾಬಿನ ಉದ್ದಗಲಕ್ಕೆ ಹಂಚಿಹೋಗುವುದರಿಂದ ಇಷ್ಟಕ್ಕೇ ಹೆದರಬೇಕಿಲ್ಲ, ಆದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಹೇಳಲಿ, ಸಂಕನ್ ಸ್ಲ್ಯಾಬಿನ (ಪೈಪುಗಳಿಗೆಂದು ತಗ್ಗಿಸಿ ಹಾಕಿರುವ ಬಚ್ಚಲಿನ ನೆಲದ) ವಾಟರ್‌ಪ್ರೂಫಿಂಗ್ ಹೊಸದಾಗಿಯೇ ಆಗಲಿ.

ಕೊನೆಗೆ ನಾವು ತಂದದ್ದು 1500ಕ್ಕೆ 700ರ ಸಾಮಾನ್ಯ ಟಬ್. ನನ್ನ ಕಾಲು ಎದುರು ಗೋಡೆಗೆ ಒದಗುತ್ತದೆ, ಯಜಮಾನರು ಮಂಡಿಯನ್ನು ಸ್ವಲ್ಪ ಮಡಿಸುತ್ತಾರೆ. ಅವರು ವರ್ಷಕ್ಕೆ ನಾಲ್ಕು ಸಲ ಬಳಸಿದರೆ ಹೆಚ್ಚು. ಇಷ್ಟೆಲ್ಲ ನೋಡಿಯೂ ಒಂದು ಎಡವಟ್ಟಾಯಿತು: ನೀರು ಹೋಗುವ ತೂತು ಬಲಗಡೆಯಿರಬೇಕೆಂದು ಬರೆದುಕೊಟ್ಟಿದ್ದರೂ ಡೀಲರ್ ಎಡಗಡೆಯದನ್ನು ಕಳುಹಿಸಿದರು, ಪೈಪು ಬಲಕ್ಕೆ ಬಂದಾಗಿತ್ತು. ಬದಲಾಯಿಸಿಕೊಳ್ಳಲು ಮೂರು ವಾರ ಹಿಡಿಯಿತು. ನೀವು ಮಲಗಿ ಒಪ್ಪಿದ ಟಬ್ಬಿನ ಮಾಡೆಲ್ ನಂಬರನ್ನು, ತೂತಿನ ದಿಕ್ಕನ್ನು ಬಿಲ್ಲಿನಲ್ಲಿಯೇ ಬರೆಸಿ. ಲಿಫ್ಟು, ಬಚ್ಚಲಿನ ಬಾಗಿಲುಗಳ ಅಗಲವನ್ನೂ ಮೊದಲೇ ಅಳೆದಿಟ್ಟುಕೊಳ್ಳಿ. ಬಂದ ಮೇಲೆ ಸುತ್ತ ಇಟ್ಟಿಗೆ ಕಟ್ಟುವ ಮೊದಲು ಓವರ್‌ಫ್ಲೋವರೆಗೆ ನೀರು ತುಂಬಿ ಒಂದು ರಾತ್ರಿ ಬಿಡಿ.

ನಿಮ್ಮ ಅತ್ತೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಆದರೆ ಅವರನ್ನು ಮಲಗಿಸುವ ಮೊದಲು ಬರಿಯ ಅಂಚನ್ನು ದಾಟಲು ಹೇಳಿ. ಅದಕ್ಕೇ ನಿಮ್ಮ ಹೆಗಲು ಬೇಕಾದರೆ ಅಲ್ಲಿಗೇ ನಿಲ್ಲಿಸಿ. ಅವರಿಗೆ ಬೇಕಾದ್ದು ಹೊಸ್ತಿಲಿಲ್ಲದ ಶವರ್ ಜಾಗ, ಗೋಡೆಗೆ ಹೊಂದಿಸಿದ ಆಸನ, ಕೈಯಲ್ಲಿ ಹಿಡಿಯುವ ಶವರ್. ಅದೇ ಅಂಗಡಿಯಲ್ಲಿ ಅಂಥ ಆಸನಗಳೂ ಸಿಗುತ್ತವೆ, ಅವುಗಳ ಮೇಲೂ ಕುಳಿತು ಎದ್ದು ನೋಡಲಿ.